ಮುಂಗಡ ಕೊಟ್ಟರೂ ಬಾರದ ಗ್ರಾಫಿಕ್ಸ್ ಕಾರ್ಡು

ಮೈಸೂರಿನ ಜಯಲಕ್ಷ್ಮಿಪುರಂ ಕಾಲೇಜುಗಳ ಮತ್ತು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟ ಮಹಡಿ ಕೋಣೆಗಳ ಬಡಾವಣೆ. ಇಲ್ಲಿನ ಹುಡುಗರು ಹಿಂದೆ ಗಣಕ ಕೊಳ್ಳುವ ಮುನ್ನ ನನ್ನಂಥ ಮೇಷ್ಟರನ್ನು ಕೇಳುತ್ತಿದ್ದುದು ಅದಕ್ಕೆ ಎಷ್ಟು ಮೆಮೊರಿ ಇರಬೇಕು ಎಂದು. ಈಗ ಕೇಳುವ ಪ್ರಶ್ನೆ ಬೇರೆ. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಅಂಗಡಿಯವರು ಮುಂಗಡ ಕೇಳುತ್ತಾರೆ, ಯಾವಾಗ ಬರುತ್ತದೆಂದು ಮಾತ್ರ ಹೇಳುವುದಿಲ್ಲ, ಕೊಡಬಹುದೇ? ಇವರಲ್ಲಿ ಆಟದ ಹುಚ್ಚಿನವರು ಇದ್ದಾರೆ, ನಿಜ. ಆದರೆ ಕಟ್ಟಡದ ಮೂರು ಆಯಾಮದ ಚಿತ್ರ ಬಿಡಿಸಬೇಕಾದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳೂ ಯಂತ್ರಕಲಿಕೆಯಲ್ಲಿ ಪ್ರಾಜೆಕ್ಟು ಹಿಡಿದಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದಾರೆ. ಸಂಬಳದ ಮೇಲೆ ಬದುಕುವ ಮನೆಯೊಂದರ ಹಲವು ತಿಂಗಳ ಉಳಿತಾಯ ಈ ಒಂದು ವಸ್ತುವಿಗೆ ಹೋಗುತ್ತದೆ.

ಕಾರ್ಡು ಸಿಗದಿರುವುದಕ್ಕೆ ವ್ಯಾಪಾರಿಗಳು ಅದನ್ನು ಬಚ್ಚಿಟ್ಟಿರುವುದೇ ಕಾರಣ ಎಂದು ಬಹುಮಂದಿ ನಂಬಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯ ಇರಲೂಬಹುದು. ಆದರೆ ಮುಖ್ಯ ಕಾರಣ ಅಂಗಡಿಯ ಉಗ್ರಾಣದಲ್ಲಿಲ್ಲ. ಅದು ಇರುವುದು 30 ಸೆಂಟಿಮೀಟರ್ ಅಗಲದ ಒಂದು ಸಿಲಿಕಾನ್ ಬಿಲ್ಲೆಯಲ್ಲಿ.

ಮೊದಲು ಬೆಲೆಯ ಲೆಕ್ಕ ನೋಡಿಬಿಡೋಣ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5090 ಕಾರ್ಡು 2025ರ ಜನವರಿ 30ರಂದು ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಅದರ ಘೋಷಿತ ಬೆಲೆ 1,999 ಡಾಲರ್, ಭಾರತದಲ್ಲಿ 2,14,000 ರೂಪಾಯಿ. ಆಗ ಡಾಲರಿಗೆ ಸುಮಾರು 86 ರೂಪಾಯಿ ಇತ್ತು. ಗುಣಿಸಿದರೆ 1.72 ಲಕ್ಷ, ಶೇಕಡ 18 ಜಿಎಸ್‌ಟಿ ಸೇರಿಸಿದರೆ 2.03 ಲಕ್ಷ. ಘೋಷಿತ ಬೆಲೆಯ ಮಟ್ಟಿಗೆ ನಮ್ಮಲ್ಲಿ ಮಹಾ ಅನ್ಯಾಯವೇನೂ ಆಗಿರಲಿಲ್ಲ. ತೊಂದರೆ ಇದ್ದುದು ಆ ಬೆಲೆಗೆ ಸರಕು ಸಿಗುವುದರಲ್ಲಿ. ದಾಸ್ತಾನು ಮುಗಿದುಹೋಗಬಹುದು ಎಂದು ಕಂಪನಿಯೇ ಬಿಡುಗಡೆಗೆ ಮೊದಲು ತಿಳಿಸಿತ್ತು. ಹಾಗೆಯೇ ಆಯಿತು. 2020ರ ಸೆಪ್ಟೆಂಬರ್ 17ರಂದು ಆರ್‌ಟಿಎಕ್ಸ್ 3080 ಬಂದಾಗಲೂ ಮಾರಾಟ ತೆರೆದ ಕೆಲವೇ ನಿಮಿಷಗಳಲ್ಲಿ ಸರಕು ಖಾಲಿಯಾಗಿತ್ತು.

ಈ ಕಾರ್ಡು ಮಾಡುವುದಾದರೂ ಏನು? 4ಕೆ ಎಂದು ಕರೆಯುವ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆಗಳಿರುತ್ತವೆ, ಅಂದರೆ ಒಟ್ಟು ಸುಮಾರು 83 ಲಕ್ಷ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಒಂದು ಚುಕ್ಕೆಯ ಲೆಕ್ಕ ಬಹುಮಟ್ಟಿಗೆ ಪಕ್ಕದ ಚುಕ್ಕೆಯ ಲೆಕ್ಕವನ್ನು ಅವಲಂಬಿಸಿಲ್ಲ. ಹೀಗಾಗಿ ಒಬ್ಬ ಮಹಾಬುದ್ಧಿವಂತನಿಗಿಂತ ಕೂಡುವುದು, ಗುಣಿಸುವುದು ಮಾತ್ರ ಬಲ್ಲ ಸಾವಿರಾರು ಗುಮಾಸ್ತರು ಏಕಕಾಲಕ್ಕೆ ಕುಳಿತರೆ ಕೆಲಸ ಬೇಗ ಮುಗಿಯುತ್ತದೆ. 5090ರ ಚಿಪ್ಪಿನಲ್ಲಿ ಕೆಲಸ ಮಾಡುವ ಇಂಥ ಗಣನ ಘಟಕಗಳು 21,760. ಕೃತಕ ಬುದ್ಧಿಮತ್ತೆಯ ಜಾಲಗಳಿಗೆ ಬೇಕಾದುದೂ ಸಂಖ್ಯೆಗಳ ದೊಡ್ಡ ದೊಡ್ಡ ಚೌಕಗಳನ್ನು ಗುಣಿಸಿ ಕೂಡುವುದೇ. ಚಿತ್ರ ಬಿಡಿಸಲು ಹುಟ್ಟಿದ ಯಂತ್ರಕ್ಕೆ ಆಟದ ಜಗತ್ತಿನ ಹೊರಗಿನಿಂದ ಬೇಡಿಕೆ ಬಂದದ್ದು ಈ ಹೋಲಿಕೆಯಿಂದ.

ಪಂಚೆ ಮತ್ತು ಕರವಸ್ತ್ರ

ಈಗ ಸಿಲಿಕಾನ್ ಬಿಲ್ಲೆಗೆ ಬರೋಣ. ಚಿಪ್ಪುಗಳನ್ನು ಒಂದೊಂದಾಗಿ ಮಾಡುವುದಿಲ್ಲ. 300 ಮಿಲಿಮೀಟರ್ ವ್ಯಾಸದ ಬಿಲ್ಲೆಯ ಮೇಲೆ ಒಂದೇ ನಮೂನೆಯನ್ನು ಮತ್ತೆ ಮತ್ತೆ ಮೂಡಿಸಿ, ಕೊನೆಗೆ ಕತ್ತರಿಸಿ ಬೇರ್ಪಡಿಸುತ್ತಾರೆ. 5090ರ ಚಿಪ್ಪಿನ ವಿಸ್ತೀರ್ಣ 750 ಚದರ ಮಿಲಿಮೀಟರ್, ಅದರಲ್ಲಿ 9,220 ಕೋಟಿ ಟ್ರಾನ್ಸಿಸ್ಟರುಗಳಿವೆ. ಅಚ್ಚೊತ್ತುವ ಯಂತ್ರ ಒಂದೇ ಸಲಕ್ಕೆ ಮೂಡಿಸಬಲ್ಲ ಗರಿಷ್ಠ ಪ್ರದೇಶವೇ 26 ಮಿ.ಮೀ. ಅಗಲ, 33 ಮಿ.ಮೀ. ಉದ್ದ, ಅಂದರೆ 858 ಚದರ ಮಿಲಿಮೀಟರ್. ಈ ಚಿಪ್ಪು ಹೆಚ್ಚುಕಡಿಮೆ ಆ ಮಿತಿಯ ಅಂಚಿನಲ್ಲಿದೆ.

ಇಷ್ಟು ದೊಡ್ಡದಾದರೆ ಏನಾಗುತ್ತದೆ? ಒಂದು ಥಾನು ಬಟ್ಟೆಯಲ್ಲಿ ಅಲ್ಲಲ್ಲಿ ನುಸಿ ತಿಂದ ತೂತುಗಳಿವೆ ಎನ್ನಿ. ಅದನ್ನು ಕರವಸ್ತ್ರಗಳಾಗಿ ಕತ್ತರಿಸಿದರೆ ಕೆಲವು ಮಾತ್ರ ಹಾಳಾಗುತ್ತವೆ. ಪಂಚೆಗಳಾಗಿ ಕತ್ತರಿಸಿದರೆ ತೂತಿಲ್ಲದ ಪಂಚೆ ಸಿಗುವುದೇ ಕಷ್ಟ. ತೂತುಗಳ ಸಂಖ್ಯೆ ಎರಡು ಸಲವೂ ಅಷ್ಟೇ. ಬಿಲ್ಲೆಯಲ್ಲಿಯೂ ಹೀಗೆಯೇ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅಥವಾ ಒಂದು ತಪ್ಪು ಪದರ ಅಲ್ಲಿನ ಮಂಡಲವನ್ನು ಕೆಡಿಸಬಲ್ಲದು.

ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷ ಇದೆ ಎಂದು ಇಟ್ಟುಕೊಂಡು ಲೆಕ್ಕ ಹಾಕೋಣ. ಇದು ನಾನು ಉದಾಹರಣೆಗೆ ಆರಿಸಿದ ಸಂಖ್ಯೆ, ನಿಜವಾದ ಸಂಖ್ಯೆಯನ್ನು ಕಾರ್ಖಾನೆಗಳು ಗುಟ್ಟಾಗಿ ಇಡುತ್ತವೆ. ಮೊಬೈಲಿಗೆ ಹಾಕುವ 100 ಚದರ ಮಿಲಿಮೀಟರಿನ ಚಿಪ್ಪುಗಳು ಒಂದು ಬಿಲ್ಲೆಯಲ್ಲಿ ಸುಮಾರು 640 ಹಿಡಿಸುತ್ತವೆ. ದೋಷಗಳು ಎಲ್ಲೆಂದರಲ್ಲಿ ಬೀಳುತ್ತವೆ ಎಂದು ಭಾವಿಸಿದರೆ ಅವುಗಳಲ್ಲಿ ಶೇಕಡ 90ರಷ್ಟು, ಎಂದರೆ 580ರ ಆಸುಪಾಸು ನಿರ್ದೋಷವಾಗಿರುತ್ತವೆ. ಅದೇ ಬಿಲ್ಲೆಯಲ್ಲಿ 750 ಚದರ ಮಿಲಿಮೀಟರಿನವು ಹಿಡಿಸುವುದು ಸುಮಾರು 70, ನಿರ್ದೋಷವಾದವು ಶೇಕಡ 47, ಅಂದರೆ ಕೇವಲ 33. ವಿಸ್ತೀರ್ಣ ಏಳೂವರೆ ಪಟ್ಟು ಹೆಚ್ಚಿದಾಗ ಇಳುವರಿ ಏಳೂವರೆ ಪಟ್ಟಲ್ಲ, ಹದಿನೇಳು ಪಟ್ಟಿಗೂ ಮೀರಿ ಇಳಿಯಿತು! ವಿಕಿರಣಶೀಲ ಕ್ಷಯದ ಪಾಠದಲ್ಲಿ ನಾವು ಬರೆಯುವ ಘಾತೀಯ ಸೂತ್ರವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಹಾಗೆಂದು ದೋಷವಿರುವ ಚಿಪ್ಪುಗಳನ್ನೆಲ್ಲ ಎಸೆಯುವುದಿಲ್ಲ. ತೂತು ಬಿದ್ದ ಪಂಚೆಯಿಂದ ದರ್ಜಿ ಮಗುವಿಗೆ ಅಂಗಿ ಹೊಲಿಯುತ್ತಾನಲ್ಲವೆ? ಪೂರ್ಣ ವಿನ್ಯಾಸದಲ್ಲಿ 24,576 ಗಣನ ಘಟಕಗಳಿದ್ದರೂ 5090ರಲ್ಲಿ ಚಾಲೂ ಇರುವುದು 21,760. ಉಳಿದ 2,816ರ ಬಾಗಿಲನ್ನು ತಯಾರಕರೇ ಮುಚ್ಚಿರುತ್ತಾರೆ. ದೋಷ ಆ ಭಾಗದಲ್ಲಿ ಬಿದ್ದಿದ್ದರೂ ಚಿಪ್ಪು ಮಾರಾಟಕ್ಕೆ ಯೋಗ್ಯ. ಎರಡು ಲಕ್ಷ ಕೊಟ್ಟು ಕೊಂಡ ಕಾರ್ಡಿನ ಶೇಕಡ 11ರಷ್ಟು ಘಟಕಗಳು ಕೆಲಸ ಮಾಡದಿರುವುದನ್ನು ಕೇಳಿ ಬೇಸರ ಪಡಬೇಕಾಗಿಲ್ಲ. ಈ ಉಪಾಯ ಇರದಿದ್ದರೆ ಸರದಿ ಇನ್ನೂ ಉದ್ದವಾಗುತ್ತಿತ್ತು.

ಕಾಲದ ಪ್ರಶ್ನೆ ಬೇರೆ ಇದೆ. ಈ ದರ್ಜೆಯ ಚಿಪ್ಪುಗಳಲ್ಲಿ ಅತಿ ಸೂಕ್ಷ್ಮವಾದ ಪದರಗಳನ್ನು 13.5 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಬೆಳಕಿನಿಂದ ಮೂಡಿಸುತ್ತಾರೆ. ಈ ಬೆಳಕು ಗಾಳಿಯನ್ನೂ ಗಾಜನ್ನೂ ದಾಟದು. ಆದ್ದರಿಂದ ಯಂತ್ರದೊಳಗೆ ನಿರ್ವಾತ, ಮಸೂರದ ಬದಲು ಕನ್ನಡಿ. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ 50,000 ಸಲ ಲೇಸರ್ ಹೊಡೆದು ಬೆಳಕು ಹುಟ್ಟಿಸಬೇಕು. ಒಂದೊಂದು ಕನ್ನಡಿ ಪ್ರತಿಫಲಿಸುವುದು ಬಿದ್ದ ಬೆಳಕಿನ ಸುಮಾರು ಶೇಕಡ 70ನ್ನು. ಹತ್ತು ಕನ್ನಡಿ ದಾಟಿದರೆ ಉಳಿಯುವುದು ಶೇಕಡ 3ಕ್ಕಿಂತ ಕಡಿಮೆ. ಇಂಥ ಯಂತ್ರವನ್ನು ಜಗತ್ತಿನಲ್ಲಿ ಮಾಡಿ ಮಾರುತ್ತಿರುವುದು ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಒಂದೇ. ನೂರಾರು ಹಂತಗಳನ್ನು ದಾಟಿ ಬಿಲ್ಲೆ ಹೊರಬರಲು ತಿಂಗಳುಗಳು ಬೇಕು. ಇವತ್ತು ಮೈಸೂರಿನಲ್ಲಿ ಬೇಡಿಕೆ ಏರಿತೆಂದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆ ನಾಳೆ ಹೆಚ್ಚು ಬಿಲ್ಲೆ ಇಳಿಸಲಾರದು.

ಬಿಲ್ಲೆ ಯಾರ ಪಾಲಿಗೆ?

ಇಳಿಸಿದ ಬಿಲ್ಲೆಗಾದರೂ ಪೈಪೋಟಿ ಇದೆ. ದತ್ತಾಂಶ ಕೇಂದ್ರಗಳಿಗೆ ಹೋಗುವ ಎನ್‌ವಿಡಿಯಾದ ಎಚ್100 ಚಿಪ್ಪು 814 ಚದರ ಮಿಲಿಮೀಟರಿನದು. ಅದನ್ನು ತಯಾರಿಸುವುದೂ ಟಿಎಸ್‌ಎಂಸಿಯೇ, ಪ್ರಕ್ರಿಯೆಯೂ ಅದೇ ಕುಟುಂಬದ್ದು. 2025ರ ಜನವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಆ ಕಂಪನಿಗೆ ದತ್ತಾಂಶ ಕೇಂದ್ರಗಳಿಂದ ಬಂದ ಆದಾಯ ಸುಮಾರು 11,520 ಕೋಟಿ ಡಾಲರ್, ಆಟದ ಕಾರ್ಡುಗಳಿಂದ ಸುಮಾರು 1,135 ಕೋಟಿ ಡಾಲರ್. ಹತ್ತಕ್ಕೆ ಒಂದು! ಒಂದೇ ಅಕ್ಕಿಯಿಂದ ಎರಡು ಊಟ ಮಾಡಬಹುದಾಗಿದ್ದು, ಒಂದಕ್ಕೆ ಹತ್ತು ಪಟ್ಟು ಹಣ ಬರುವುದಾದರೆ ಭಟ್ಟರು ಯಾವ ಪಂಕ್ತಿಗೆ ಮೊದಲು ಬಡಿಸಿಯಾರು?

ಬಿಲ್ಲೆಯ ಮೇಲಿನ ಹೋರಾಟ ಸಾಲದೆಂಬಂತೆ ಮೆಮೊರಿಯದೂ ಸೇರಿಕೊಂಡಿದೆ. 5090ಕ್ಕೆ 32 ಗಿಗಾಬೈಟ್ ವೇಗದ ಮೆಮೊರಿ ಬೇಕು. ದತ್ತಾಂಶ ಕೇಂದ್ರಗಳ ಚಿಪ್ಪುಗಳಿಗೆ ಪದರದ ಮೇಲೆ ಪದರ ಪೇರಿಸಿದ ಬೇರೊಂದು ಬಗೆಯ ಮೆಮೊರಿ ಬೇಕು. ಅಷ್ಟೇ ಗಿಗಾಬೈಟಿಗೆ ಅದು ಸಾಧಾರಣ ಮೆಮೊರಿಗಿಂತ ಸುಮಾರು ಮೂರು ಪಟ್ಟು ಸಿಲಿಕಾನನ್ನು ನುಂಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಎಲ್ಲೆಡೆ ಜಿಗಿಯಿತು. ಗಣಕ ಜೋಡಿಸುವವರಿಗೆಲ್ಲ ಪರಿಚಿತವಾದ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು.

ಹಾಗಾದರೆ ಕಾರ್ಖಾನೆಗಳನ್ನು ಹೆಚ್ಚಿಸಬಾರದೆ? ಹೆಚ್ಚಿಸುತ್ತಿದ್ದಾರೆ, ಆದರೆ ಹೆದರುತ್ತಾ ಹೆಚ್ಚಿಸುತ್ತಿದ್ದಾರೆ. ಅದಕ್ಕೆ ಕಾರಣ ತಿಳಿಯಲು ನಮ್ಮ ಮನೆಗಳ ಸೋಲಾರ್ ನೀರನ್ನು ನೆನೆಯಿರಿ. ತಾರಸಿಯಿಂದ ಬಿಸಿನೀರು ಇಳಿದು ಬರಲು ಹೊತ್ತು ಹಿಡಿಯುತ್ತದೆ. ತಣ್ಣಗಿದೆಯೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದವರಿಗೆ ಸ್ವಲ್ಪದರಲ್ಲೇ ಮೈ ಸುಡುತ್ತದೆ. ಪ್ರತಿಕ್ರಿಯೆ ತಡವಾಗಿ ತಲುಪುವ ಯಾವುದೇ ವ್ಯವಸ್ಥೆ ಹೀಗೆ ಓಲಾಡುತ್ತದೆ. 2017ರಲ್ಲಿ ಕ್ರಿಪ್ಟೊ ಹಣ ಗಣಿಸುವವರು ಕಾರ್ಡುಗಳನ್ನು ಬಾಚಿದರು, 2018ರ ಕೊನೆಗೆ ಅವರು ಕೈಬಿಟ್ಟಾಗ ಮಾರಾಟವಾಗದ ಸರಕು ರಾಶಿಬಿತ್ತು. 2020 ಮತ್ತು 2021ರಲ್ಲಿ ಮತ್ತೆ ಬರ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಜಾಲ ಕಾರ್ಡುಗಳ ಮೂಲಕ ಗಣಿಸುವ ಪದ್ಧತಿಯನ್ನೇ ಬಿಟ್ಟಿತು, ಆ ವರ್ಷ ಮತ್ತೆ ದಾಸ್ತಾನು ತುಂಬಿ ತುಳುಕಿತು. ಈ ಓಲಾಟವನ್ನು ಗಿರಾಕಿಗಳಾದ ನಾವೂ ಹೆಚ್ಚಿಸುತ್ತೇವೆ. ಒಬ್ಬನೇ ಮೂರು ಅಂಗಡಿಗಳಲ್ಲಿ ಹೆಸರು ಬರೆಸಿದರೆ ಮೇಲಿರುವ ವಿತರಕನಿಗೆ ಮೂವರು ಕಾಣುತ್ತಾರೆ.

ಕರ್ನಾಟಕದ ಪಾತ್ರವೂ ಇಲ್ಲಿ ವಿಚಿತ್ರವಾಗಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಚಿಪ್ಪುಗಳ ವಿನ್ಯಾಸದಲ್ಲಿ ಬೆಂಗಳೂರು ಪಳಗಿದೆ. ಎನ್‌ವಿಡಿಯಾಕ್ಕೂ ಅದರ ಪ್ರತಿಸ್ಪರ್ಧಿ ಎಎಂಡಿಗೂ ಅಲ್ಲಿ ವಿನ್ಯಾಸ ಕೇಂದ್ರಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲಿಯೇ. ನಕ್ಷೆ ಬರೆಯುವವರು ನಮ್ಮಲ್ಲಿ ಇದ್ದಾರೆ, ಅಚ್ಚೊತ್ತುವ ಮನೆ ಇಲ್ಲ. ಗುಜರಾತಿನ ಧೋಲೇರಾದಲ್ಲಿ 2024ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾದ ಟಾಟಾ ಕಾರ್ಖಾನೆಯ ಗುರಿ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ಹಳೆಯ ತಲೆಮಾರುಗಳು. ಅದರಿಂದ ಕಾರು, ಮೀಟರು, ಟಿ.ವಿ.ಗಳಿಗೆ ಉಪಯೋಗ ಉಂಟು, ಗ್ರಾಫಿಕ್ಸ್ ಕಾರ್ಡಿಗೆ ಇಲ್ಲ. ಮೈಸೂರಿನದೇ ಆದ ಕೇನ್ಸ್ ಟೆಕ್ನಾಲಜಿ ಚಿಪ್ಪುಗಳಿಗೆ ಕವಚ ತೊಡಿಸಿ ಪರೀಕ್ಷಿಸುವ ಘಟಕಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರದ ಮಂಜೂರಾತಿ ಪಡೆಯಿತು. ಆದರೆ ಆ ಘಟಕ ಇರುವುದು ಗುಜರಾತಿನ ಸಾಣಂದದಲ್ಲಿ. ಇದು ಸಂತೋಷದ ಸುದ್ದಿಯೋ ಹೊಟ್ಟೆಕಿಚ್ಚಿನದೋ ಎಂಬುದನ್ನು ಮೈಸೂರಿನವನಾಗಿ ನಾನು ಇನ್ನೂ ತೀರ್ಮಾನಿಸಿಲ್ಲ.

ಆಮದನ್ನೇ ನೆಚ್ಚಿದವರಿಗೆ ಇನ್ನೊಂದು ಭಯವೂ ಇದೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಕೃತಕ ಬುದ್ಧಿಮತ್ತೆಯ ಉನ್ನತ ಚಿಪ್ಪುಗಳ ರಫ್ತಿಗೆ ದೇಶವಾರು ಮಿತಿ ಹಾಕುವ ನಿಯಮ ಪ್ರಕಟಿಸಿತು. ಭಾರತವನ್ನು ಇಟ್ಟದ್ದು ಎರಡನೆಯ ಪಂಕ್ತಿಯಲ್ಲಿ. ಜಾರಿಗೆ ಬರುವ ಮೊದಲೇ, ಅದೇ ಮೇ ತಿಂಗಳಲ್ಲಿ, ಅದನ್ನು ಕೈಬಿಟ್ಟರು. ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬುದಂತೂ ಆಗ ಸ್ಪಷ್ಟವಾಯಿತು.

ಕಾಯಬೇಕೆ, ಕೊಳ್ಳಬೇಕೆ?

ಆಟಕ್ಕೆಂದೇ ಕೊಳ್ಳುವವರು ಕಾಯಬಹುದು, ಕಾದರೆ ನಷ್ಟವೇನಿಲ್ಲ. ಮುಂಗಡ ಕೊಡಲೇಬೇಕಾದರೆ ರಸೀದಿಯಲ್ಲಿ ಕಾರ್ಡಿನ ಪೂರ್ಣ ಹೆಸರು, ಒಪ್ಪಿದ ಬೆಲೆ, ಯಾವ ದಿನಾಂಕದೊಳಗೆ ಬಾರದಿದ್ದರೆ ಹಣ ವಾಪಸು ಎಂಬ ಮೂರನ್ನೂ ಬರೆಸಿಕೊಳ್ಳಿ. 'ಬಂದ ದಿನದ ಬೆಲೆ' ಎಂದು ಬರೆದಿದ್ದರೆ ಅದು ಮುಂಗಡವಲ್ಲ, ಬಡ್ಡಿಯಿಲ್ಲದ ಸಾಲ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಕೊಳ್ಳುವ ಮುನ್ನ ಅರ್ಧ ಗಂಟೆಯಾದರೂ ಪೂರ್ಣ ಹೊರೆಯಲ್ಲಿ ಓಡಿಸಿ ನೋಡಿ, ಅದು ಹಗಲಿರುಳು ಗಣಿಸಿ ದಣಿದದ್ದಿರಬಹುದು. 5090 ಒಂದೇ 575 ವಾಟ್ ಎಳೆಯುತ್ತದೆ, ನಿಮ್ಮ ಮನೆಯ ಮಿಕ್ಸಿಯಷ್ಟು. ಮಿಕ್ಸಿ ಓಡುವುದು ಚಟ್ನಿ ನುಣ್ಣಗಾಗುವವರೆಗೆ, ಕಾರ್ಡು ಓಡುವುದು ರಾತ್ರಿಯಿಡೀ. ಹಳೆಯ ಎಸ್‌ಎಂಪಿಎಸ್, ಹಳೆಯ ಕ್ಯಾಬಿನೆಟ್ ಅದನ್ನು ತಾಳುವುದಿಲ್ಲ. ಆ ಖರ್ಚನ್ನೂ ಸೇರಿಸಿ ಎಣಿಸಬೇಕು.

ಪ್ರಾಜೆಕ್ಟಿಗೆ ಬೇಕಾದವರ ಸ್ಥಿತಿ ಬೇರೆ. ಕಾರ್ಡು ಬರುವವರೆಗೆ ಪರೀಕ್ಷೆ ಕಾಯುವುದಿಲ್ಲ. ಅವರಿಗೆ ನಾನು ಹೇಳುವುದು ಬಾಡಿಗೆಯ ದಾರಿ. ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಸುಮಾರು 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿ 2025ರಲ್ಲಿ 38,000ದಷ್ಟು ಚಿಪ್ಪುಗಳನ್ನು ಸಹಾಯಧನದೊಡನೆ, ಗಂಟೆಗೆ ಸರಾಸರಿ ಸುಮಾರು 65 ರೂಪಾಯಿಯಂತೆ ಒದಗಿಸುವ ಏರ್ಪಾಡು ಪ್ರಕಟವಾಯಿತು. ಭಾರತೀಯ ಭಾಷೆಗಳನ್ನು ಬಲ್ಲ ಬೃಹತ್ ಮಾದರಿ ಕಟ್ಟಲು ಆಯ್ಕೆಯಾದ ಬೆಂಗಳೂರಿನ ಸರ್ವಂ ಕಂಪನಿಗೆ ಹಂಚಿಕೆಯಾದ 4,096 ಎಚ್100 ಚಿಪ್ಪುಗಳೂ ಇದೇ ಯೋಜನೆಯವು. ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಇದರಲ್ಲಿ ಅರ್ಜಿ ಹಾಕಲು ಅವಕಾಶವಿದೆ.

2,14,000 ರೂಪಾಯಿಯನ್ನು 65ರಿಂದ ಭಾಗಿಸಿದರೆ ಸುಮಾರು 3,290 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಬಳಸಿದರೂ ಇದು 410 ದಿನಗಳಿಗೆ ಸಾಕು. ಪದವಿಯ ಪ್ರಾಜೆಕ್ಟೊಂದಕ್ಕೆ ಬೇಕಾಗುವುದು ಸಾಮಾನ್ಯವಾಗಿ ಒಂದೆರಡು ನೂರು ಗಂಟೆ, ಅಂದರೆ ಆರೇಳು ಸಾವಿರದಿಂದ ಹದಿಮೂರು ಸಾವಿರ ರೂಪಾಯಿ. ಅರ್ಜಿಯನ್ನು ಕಾಲೇಜಿನ ವಿಭಾಗದ ಮೂಲಕ ಸೆಮಿಸ್ಟರಿನ ಮೊದಲ ವಾರದಲ್ಲೇ ಹಾಕಿ, ಏಕೆಂದರೆ ಅಲ್ಲಿಯೂ ಸರದಿ ಇದೆ.