ಇಪ್ಪತ್ತು ಸೆಕೆಂಡಿನ ಕಣ್ಣು

ಕತ್ತಲ ಗದ್ದೆಯಲ್ಲಿ ಬ್ಯಾಟರಿ ಹಿಡಿದು ಕಳ್ಳನನ್ನು ಹುಡುಕಿ ನೋಡಿ. ಅವನು ನಿಮಗೆ ಕಾಣುವ ಮೊದಲೇ ನೀವು ಅವನಿಗೆ ಕಂಡಿರುತ್ತೀರಿ! ರೇಡಾರಿನ ಪಾಡೂ ಇದೇ. ವಿಮಾನ ಕಾಣಬೇಕಾದರೆ ರೇಡಾರು ರೇಡಿಯೊ ಅಲೆ ಚೆಲ್ಲಲೇಬೇಕು. ಆ ಅಲೆಯ ಜಾಡು ಹಿಡಿದೇ ಅಮೆರಿಕದ ಹಾರ್ಮ್ ಕ್ಷಿಪಣಿ ಎರಗುತ್ತದೆ, ಶಬ್ದದ ಎರಡು ಪಟ್ಟು ವೇಗದಲ್ಲಿ!

ರೇಡಾರನ್ನು ಆರಿಸಿಬಿಟ್ಟರೆ? ವಿಯೆಟ್ನಾಂ ಯುದ್ಧದಲ್ಲಿ ಆ ಉಪಾಯ ನಡೆಯಿತು. ಅಲ್ಲಿ ಅಮೆರಿಕ ಬಳಸಿದ ಶ್ರೈಕ್ ಕ್ಷಿಪಣಿ, ಅಲೆ ನಿಂತೊಡನೆ ದಾರಿ ತಪ್ಪುತ್ತಿತ್ತು. ಹಾರ್ಮ್ ಅಷ್ಟು ಮರೆಗುಳಿಯಲ್ಲ. ಅಲೆ ಎಲ್ಲಿಂದ ಬರುತ್ತಿತ್ತೋ ಆ ಜಾಗವನ್ನು ನೆನಪಿಟ್ಟುಕೊಂಡು ಅತ್ತಲೇ ನುಗ್ಗುತ್ತದೆ!

1999ರ ಮಾರ್ಚ್‌ನಲ್ಲಿ ನ್ಯಾಟೊ ವಿಮಾನಗಳು ಯುಗೊಸ್ಲಾವಿಯದ ಮೇಲೆ ಬಾಂಬ್ ಸುರಿಸತೊಡಗಿದಾಗ, ಬೆಲ್‌ಗ್ರೇಡ್ ಕಾಯುತ್ತಿದ್ದ ಒಂದು ಕ್ಷಿಪಣಿ ದಳದ ಮುಖ್ಯಸ್ಥ ಜೋಲ್ಟಾನ್ ಡಾನಿ. ಕೈಯಲ್ಲಿದ್ದದ್ದು 1960ರ ದಶಕದ ಸೋವಿಯತ್ ಕ್ಷಿಪಣಿ ಸಾಮಗ್ರಿ, ನೇವಾ. ಆದರೆ ಅವರು ಹಾಕಿದ ಕಟ್ಟಳೆ ನೋಡಿ! ಗುರಿ ಹಿಡಿಯುವ ರೇಡಾರು ಒಮ್ಮೆಗೆ 20 ಸೆಕೆಂಡು ಮಾತ್ರ ಉರಿಯಬೇಕು. ಅಷ್ಟರೊಳಗೆ ಗುರಿ ಸಿಗದಿದ್ದರೆ ಆರಿಸು, ಗಂಟುಮೂಟೆ ಕಟ್ಟು, ಜಾಗ ಬಿಡು. ಹಳೆಯ ಯುದ್ಧವಿಮಾನಗಳಿಂದ ಕಳಚಿದ ರೇಡಾರುಗಳನ್ನು ಅಲ್ಲಲ್ಲಿ ಹೂಡಿ ಅಲೆ ಚೆಲ್ಲುವಂತೆ ಮಾಡಿದರು. ಹೊಲದ ಬೆರ್ಚಪ್ಪನಂತೆ ನಿಂತ ಅವು ಏಟನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದವು!

ದೂರಕ್ಕೆ ಕಣ್ಣು ಹಾಯಿಸಲು ಬಳಸಿದ್ದು ಪಿ-18 ರೇಡಾರು. ಅದರದ್ದು ಮೀಟರುಗಟ್ಟಲೆ ಉದ್ದದ ಅಲೆ. ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117ರ ಮೈಗೆ ಮಡಿಕೆ ಮಡಿಕೆಯ ಆಕಾರ ಕೊಟ್ಟದ್ದು ಸೆಂಟಿಮೀಟರ್ ಅಲೆಗಳಿಂದ ತಪ್ಪಿಸಿಕೊಳ್ಳಲು. ಉದ್ದದ ಅಲೆಯೆದುರು ಆ ಮಾಯೆ ಮಂಕಾಗುತ್ತದೆ!

ಮಾರ್ಚ್ 27ರ ರಾತ್ರಿ ಬಂತು. ಪಿ-18ರ ಪರದೆಯಲ್ಲೊಂದು ಚುಕ್ಕೆ ಮೂಡಿತು. ಗುರಿ ಹಿಡಿಯುವ ರೇಡಾರು ಕೆಲವೇ ಕ್ಷಣ ಕಣ್ಣು ಬಿಟ್ಟಿತು. ಎರಡು ಕ್ಷಿಪಣಿಗಳು ಚಿಮ್ಮಿದವು. ಯಾವ ರೇಡಾರಿಗೂ ಕಾಣದ ವಿಮಾನ ಎಂದು ಜಗತ್ತು ನಂಬಿದ್ದ ಎಫ್-117, ಬುಜಾನೊವ್ತ್ಸಿ ಹಳ್ಳಿಯ ಹೊಲಕ್ಕೆ ಬಿತ್ತು! ಪ್ಯಾರಾಚೂಟಿನಲ್ಲಿ ಇಳಿದ ಪೈಲಟ್ ಡೇಲ್ ಝೆಲ್ಕೊ ಅವರನ್ನು ಕೆಲವೇ ಗಂಟೆಗಳಲ್ಲಿ ಅಮೆರಿಕದ ರಕ್ಷಣಾ ತಂಡ ಎತ್ತಿಕೊಂಡು ಹೋಯಿತು.

78 ದಿನಗಳ ಆ ಯುದ್ಧದಲ್ಲಿ ನ್ಯಾಟೊ ಹಾರಿಸಿದ ಹಾರ್ಮ್‌ಗಳು 700ಕ್ಕೂ ಹೆಚ್ಚು. ಅಷ್ಟು ಸುರಿಮಳೆಯ ನಡುವೆಯೂ ಯುದ್ಧ ಮುಗಿಯುವ ತನಕ ಯುಗೊಸ್ಲಾವಿಯದ ಕ್ಷಿಪಣಿ ದಳಗಳು ಪೂರ್ತಿ ನೆಲಕಚ್ಚಲಿಲ್ಲ. ಅವು ಇವೆಯೆಂಬ ಅಂಜಿಕೆಯಿಂದ ನ್ಯಾಟೊ ವಿಮಾನಗಳು ಬಹುಪಾಲು ಎತ್ತರದಲ್ಲೇ ಹಾರಬೇಕಾಯಿತು. ಆರಿಸಿಟ್ಟ ರೇಡಾರೂ ಕಾವಲು ಕಾಯುತ್ತದೆ!

ಮುಂದೆ ಡಾನಿ ತಮ್ಮೂರಿನಲ್ಲಿ ಬೇಕರಿ ನಡೆಸಿದರು. ವರ್ಷಗಳ ಮೇಲೆ ಝೆಲ್ಕೊ ಡಾನಿಯವರನ್ನು ಕಾಣಲು ಬಂದರು. ಅಂದು ಪರದೆಯ ಮೇಲೆ ಬರಿಯ ಚುಕ್ಕೆಯಾಗಿದ್ದವರು, ಮುಂದೆ ಡಾನಿಯವರ ಗೆಳೆಯರಾದರು.