ಗದ್ದೆಯಲ್ಲಿ ನಡೆಯುವ ಆಯ್ಕೆಯೂ ಗಣಕಯಂತ್ರದ ಲೆಕ್ಕವೂ

ರಾಗಿ ಕಟಾವಿಗೆ ಮುಂಚೆ ತುಂಬಿದ ತೆನೆಗಳನ್ನು ಆರಿಸಿ ಬಿತ್ತನೆಗೆ ತೆಗೆದಿಡುವ ಕ್ರಮವನ್ನು ನಾಗಮಂಗಲದ ಬೇಸಾಯಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮನುಷ್ಯನು ಆರಿಸುವಂತೆ ಪ್ರಕೃತಿಯೂ ಆರಿಸುತ್ತದೆಂಬುದನ್ನು ಚಾರ್ಲ್ಸ್ ಡಾರ್ವಿನ್ ಎಂಬ ಆಂಗ್ಲ ವಿಜ್ಞಾನಿಯು ೧೮೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದನು. ಬದುಕಿ ಉಳಿದ ಜೀವಿಯ ಗುಣವು ಅದರ ಸಂತತಿಗೆ ಇಳಿಯುತ್ತದೆ. ಅಳಿದುದರ ಗುಣವು ಅದರೊಡನೆಯೇ ಅಳಿಯುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ನಾಲೆಯ ಬಯಲಿನಲ್ಲಿ ಔಷಧ ಸಿಂಪಡಿಸುವವನೂ ತನಗರಿಯದೆಯೇ ಇಂತಹ ಆಯ್ಕೆಯನ್ನು ಮಾಡುತ್ತಿರುತ್ತಾನೆ.

ಕಂದು ಜಿಗಿಹುಳುವು ಬತ್ತದ ಬುಡದಲ್ಲಿ ರಸ ಹೀರಿ ಪೈರನ್ನು ಸುಟ್ಟಂತೆ ಒಣಗಿಸುತ್ತದೆ. ಇದಕ್ಕೆ ಒಂದೇ ಔಷಧವನ್ನು ಪದೇ ಪದೇ ಹೊಡೆದರೆ ಏನಾಗುವುದು? ಗದ್ದೆಯಲ್ಲಿ ಪರೀಕ್ಷಿಸಲು ಹಲವು ಬೆಳೆಗಳ ಕಾಲ ಬೇಕು. ಗಣಕಯಂತ್ರಕ್ಕೆ ಕ್ಷಣಮಾತ್ರ ಸಾಕು. ಅದಕ್ಕೆ ಮೂರು ವಿಧಿಗಳನ್ನು ಕೊಡೋಣ. ಔಷಧ ಬಿದ್ದಾಗ ಸಾಮಾನ್ಯ ಹುಳುಗಳಲ್ಲಿ ನೂರಕ್ಕೆ ೧೦, ಔಷಧವನ್ನು ತಡೆಯಬಲ್ಲವುಗಳಲ್ಲಿ ನೂರಕ್ಕೆ ೯೦ ಉಳಿಯಲಿ. ಉಳಿದವು ವೃದ್ಧಿಯಾಗಿ ಮತ್ತೆ ೧,೦೦೦ ಆಗಲಿ. ಮರಿಗಳು ತಾಯಿಯ ಗುಣವನ್ನೇ ಪಡೆಯಲಿ. ಮೊದಲಲ್ಲಿ ಸಾವಿರಕ್ಕೆ ೧೦ ಮಾತ್ರ ತಡೆಯುವ ಹುಳುಗಳಿರಲಿ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು.

ಮೊದಲ ಸಿಂಪರಣೆಯಲ್ಲಿ ೧೦೮ ಹುಳುಗಳು ಉಳಿಯುತ್ತವೆ; ರೈತನು ಸಂತೋಷಪಡುತ್ತಾನೆ. ಅವು ಮತ್ತೆ ಸಾವಿರವಾದಾಗ ತಡೆಯುವವು ೮೩ ಆಗಿರುತ್ತವೆ. ಎರಡನೆಯ ಸಿಂಪರಣೆಯ ತರುವಾಯ ೪೪೯. ಮೂರನೆಯದರ ತರುವಾಯ ೮೮೦. ನಾಲ್ಕನೆಯ ಸಲ ೮೦೦ಕ್ಕೂ ಹೆಚ್ಚು ಹುಳುಗಳು ಸಾಯದೆ ನಿಲ್ಲುತ್ತವೆ. ಔಷಧವು ಯಾವ ಹುಳುವಿಗೂ ಹೊಸ ಶಕ್ತಿಯನ್ನು ಕೊಡಲಿಲ್ಲ. ಇದ್ದವುಗಳಲ್ಲಿ ಆರಿಸಿತು, ಅಷ್ಟೆ.

ಪ್ರತಿ ಸಲವೂ ಅರ್ಧದಷ್ಟು ಹುಳುಗಳಿಗೆ ಮಾತ್ರ ಔಷಧ ತಾಗುವಂತೆ ಲೆಕ್ಕವನ್ನು ಬದಲಾಯಿಸಿದರೆ, ಮೂರು ಸಿಂಪರಣೆಗಳ ಮೇಲೂ ತಡೆಯುವವು ಸಾವಿರಕ್ಕೆ ಸುಮಾರು ೪೯ ಮಾತ್ರ. ನಿಜವಾದ ಗದ್ದೆಯಲ್ಲಿ ಹುಳುಗಳು ಹೊರಗಿನಿಂದ ಹಾರಿಬರುತ್ತವೆ, ಕೂಡಿ ಬೆರೆಯುತ್ತವೆ. ಆದಕಾರಣ ವೇಗವು ಬೇರೆಯಾದೀತು, ಆದರೆ ದಿಕ್ಕು ಇದೇ.

ರೋಧಕ ತಳಿಗಳ ವಿಷಯದಲ್ಲಿಯೂ ಹೀಗೆಯೇ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯಿಂದ ೧೯೭೩ರಲ್ಲಿ ಬಂದ ಐ.ಆರ್. ೨೬ ತಳಿಯು ಈ ಹುಳುವನ್ನು ತಡೆಯುತ್ತಿದ್ದಿತು. ಕೆಲವೇ ವರ್ಷಗಳಲ್ಲಿ ಅದನ್ನೂ ಹಾಳುಮಾಡಬಲ್ಲ ಹುಳುಗಳು ಪ್ರಬಲವಾದವು.

ಸಿಂಪರಣೆಯು ಫಲಿಸದಿದ್ದಾಗ ಔಷಧದ ಪ್ರಮಾಣವನ್ನು ಹೆಚ್ಚಿಸುವುದು ವಾಡಿಕೆ. ಈ ಲೇಖಕನೂ ಕೆಲವು ಕಾಲ ಹಾಗೆಯೇ ಸಲಹೆ ಕೊಟ್ಟವನು. ಅದರಿಂದ ಖರ್ಚು ಬೆಳೆಯಿತೇ ಹೊರತು ಪೈರು ಉಳಿಯಲಿಲ್ಲ. ಈಗ ಹೇಳತಕ್ಕುದಿಷ್ಟು:

೧. ಪೈರಿನ ಬುಡವನ್ನು ಬಿಡಿಸಿ ಹುಳುಗಳನ್ನು ಎಣಿಸದೆ, ದಿನ ಗೊತ್ತುಮಾಡಿಕೊಂಡು ಔಷಧ ಹೊಡೆಯಬಾರದು.

೨. ಒಂದೇ ಬಗೆಯ ಔಷಧವನ್ನು ಮತ್ತೆ ಮತ್ತೆ ಬಳಸಬಾರದು. ಹೆಸರು ಬೇರೆಯಾದ ಮಾತ್ರಕ್ಕೆ ಬಗೆ ಬೇರೆಯಾಗುವುದಿಲ್ಲ.

೩. ಯೂರಿಯವನ್ನು ಮಿತಿಮೀರಿ ಹಾಕಬಾರದು. ನಾಟಿಯಲ್ಲಿ ನಡುನಡುವೆ ಗಾಳಿಬೆಳಕಿಗೆ ಓಣಿ ಬಿಡಬೇಕು. ಹುಳು ಕಂಡಾಗ ಗದ್ದೆಯ ನೀರನ್ನು ಬಸಿಯಬೇಕು.

೪. ಜಿಗಿಹುಳುವನ್ನು ತಿನ್ನುವ ಜೇಡಗಳನ್ನು ಕಾಪಾಡಬೇಕು.

ಬಿತ್ತನೆಯ ತೆನೆಯನ್ನು ಆರಿಸುವಾಗ ತೋರುವ ವಿವೇಕವನ್ನು ಸಿಂಪರಣೆಯ ಕಾಲದಲ್ಲಿಯೂ ತೋರಬೇಕೆಂದು ಬೇಸಾಯಗಾರರಲ್ಲಿ ಅರಿಕೆ.