ತಾಳೆಗರಿಯ ಓದು ಮತ್ತು ಗಣಕದ ಪರದೆ

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅವರು ಓದಿದ್ದು ಮೂಲದ ಗರಿಗಳನ್ನು. ಇಂದಿನ ವಿದ್ಯಾರ್ಥಿಗೆ ಆ ಅವಕಾಶ ವಿರಳ. ಹಳೆಯ ಗರಿಗಳು ಮುಟ್ಟಿದರೆ ಮುರಿಯತಕ್ಕವಾದುದರಿಂದ ಅವುಗಳ ಛಾಯಾಪ್ರತಿಯನ್ನು ಗಣಕದ ಪರದೆಯ ಮೇಲೆ ಓದುವುದೇ ರೂಢಿಯಾಗುತ್ತಿದೆ. ಹೀಗಿರುವಲ್ಲಿ, ಹೆಚ್ಚು ಸೂಕ್ಷ್ಮತೆಯುಳ್ಳ ಮಾನಿಟರಿಗೆ ಹೆಚ್ಚು ಹಣವನ್ನು ತೆರುವುದು ಯುಕ್ತವೆ ಎಂಬ ಪ್ರಶ್ನೆ ವಿಭಾಗಗಳ ಮುಂದೆ ಬರುವುದು ಸಹಜ. ಇದನ್ನು ಲೆಕ್ಕದಿಂದಲೇ ಪರಿಶೀಲಿಸೋಣ.

ಪರದೆಯ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದ ಆದುದು. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ‘4ಕೆ’ ಎಂದು ಕರೆಯಲ್ಪಡುವ ಪರದೆಯಲ್ಲಿ 3840 ಮತ್ತು 2160ರಂತೆ 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಸಾಮಾನ್ಯ ದೃಷ್ಟಿಯುಳ್ಳ ಕಣ್ಣು 60 ಸೆಂಟಿಮೀಟರು ದೂರದಿಂದ ಸುಮಾರು 0.17 ಮಿಲಿಮೀಟರಿನಷ್ಟು ಅಂತರವನ್ನು ಬೇರ್ಪಡಿಸಿ ಕಾಣಬಲ್ಲುದು. 24 ಅಂಗುಲದ ಸಾಮಾನ್ಯ ಪರದೆಯ ಬಿಂದುವಿನ ಅಳತೆ 0.28 ಮಿಲಿಮೀಟರು, 27 ಅಂಗುಲದ 4ಕೆ ಪರದೆಯದು 0.16. ಮೊದಲನೆಯದು ಕಣ್ಣಿನ ಶಕ್ತಿಗಿಂತ ಒರಟು. ಎರಡನೆಯದು ಅದಕ್ಕೆ ಸರಿಸಮ. ಇದಕ್ಕಿಂತ ಸೂಕ್ಷ್ಮವಾದುದನ್ನು ಕೊಂಡರೆ ಅಷ್ಟೇ ದೂರದಲ್ಲಿ ಕುಳಿತವನಿಗೆ ದೊರೆಯುವ ಲಾಭ ಅಲ್ಪ.

ಈಗ 45 ಸೆಂಟಿಮೀಟರು ಉದ್ದದ ಒಂದು ಗರಿಯನ್ನು ತೆಗೆದುಕೊಳ್ಳೋಣ. ಅಂಗುಲಕ್ಕೆ 300 ಬಿಂದುಗಳಂತೆ ಅದನ್ನು ಸ್ಕ್ಯಾನ್ ಮಾಡಿದರೆ ಚಿತ್ರದ ಉದ್ದ ಸುಮಾರು 5,315 ಬಿಂದುಗಳು. ಗರಿಯ ಮೇಲಿನ 4 ಮಿಲಿಮೀಟರು ಎತ್ತರದ ಅಕ್ಷರಕ್ಕೆ 47 ಬಿಂದುಗಳು ಸಲ್ಲುತ್ತವೆ. ಇಡೀ ಗರಿಯನ್ನು ಸಾಮಾನ್ಯ ಪರದೆಯಲ್ಲಿ ಹಿಡಿಸಿದಾಗ ಆ ಅಕ್ಷರಕ್ಕೆ ಉಳಿಯುವುದು 17 ಬಿಂದುಗಳು ಮಾತ್ರ. 4ಕೆ ಪರದೆಯಲ್ಲಿ 34.

ಬೇಕಾದಾಗ ಚಿತ್ರವನ್ನು ಹಿಗ್ಗಿಸಿ ನೋಡಬಹುದಲ್ಲ ಎಂದು ಆಕ್ಷೇಪಿಸಬಹುದು. ನಿಜ, ಬಿಡಿ ಅಕ್ಷರವನ್ನು ಕಾಣಲು ಸಾಮಾನ್ಯ ಪರದೆಯೇ ಸಾಕು. ಆದರೆ ಲಿಪಿಯನ್ನು ಓದುವ ಕ್ರಮ ಅಂತಹುದಲ್ಲ. ‘ದ’ಕಾರ ‘ಧ’ಕಾರಗಳಿಗೆ, ‘ಪ’ಕಾರ ‘ಷ’ಕಾರಗಳಿಗೆ ಒಂದು ಗೀಟಿನಷ್ಟೇ ಭೇದ. ಆ ಗೀಟು ಲಿಪಿಕಾರನು ಕೊರೆದುದೋ, ಗರಿಯ ನಾರಿನ ಬಿರುಕೋ ಎಂಬ ಸಂದೇಹ ಬಂದಾಗ, ಅದೇ ಕೈ ಅದೇ ಅಕ್ಷರವನ್ನು ಬೇರೆ ಸಾಲುಗಳಲ್ಲಿ ಹೇಗೆ ಬರೆದಿದೆ ಎಂದು ಹೋಲಿಸಿಯೇ ನಿರ್ಣಯಿಸಬೇಕು. ತುಂಡುತುಂಡಾಗಿ ಹಿಗ್ಗಿಸಿ ನೋಡುವವನು ಹೋಲಿಕೆಗೆ ನೆನಪನ್ನು ನಂಬಬೇಕಾಗುತ್ತದೆ. ಒಂದು ಅಕ್ಷರದ ತಪ್ಪಿನಿಂದ ವ್ಯಕ್ತಿಯ ಹೆಸರು ಅಥವಾ ಊರಿನ ಹೆಸರು ಬದಲಾಗಬಹುದು. ಅಚ್ಚಾದ ತಪ್ಪು ಮುಂದಿನವರ ಬರಹಗಳಿಗೂ ಹರಿಯುತ್ತದೆ. ಅಕ್ಷರವನ್ನೂ ಅದರ ಸುತ್ತಣ ಸಾಲುಗಳನ್ನೂ ಏಕಕಾಲದಲ್ಲಿ ಸ್ಪಷ್ಟವಾಗಿ ತೋರಿಸುವುದೇ ಸೂಕ್ಷ್ಮ ಪರದೆಯ ನಿಜವಾದ ಪ್ರಯೋಜನ.

ಆದರೂ ಮೂಲಚಿತ್ರದಲ್ಲಿ ಇಲ್ಲದುದನ್ನು ಯಾವ ಪರದೆಯೂ ತೋರಿಸಲಾರದು. ಅದೇ ಗರಿಯನ್ನು ಅಂಗುಲಕ್ಕೆ 100 ಬಿಂದುಗಳಂತೆ ಸ್ಕ್ಯಾನ್ ಮಾಡಿದ್ದರೆ ಅದರ ಉದ್ದ ಸುಮಾರು 1,772 ಬಿಂದುಗಳು. ಅದು ಸಾಮಾನ್ಯ ಪರದೆಯಲ್ಲಿಯೇ ಪೂರ್ತಿಯಾಗಿ ಹಿಡಿಸುತ್ತದೆ. ಅಂತಹ ಚಿತ್ರಗಳಿಗಾಗಿ 4ಕೆ ಪರದೆಯನ್ನು ಕೊಳ್ಳುವುದು ವ್ಯರ್ಥ. ಆ ಹಣವನ್ನು ಹೊಸದಾಗಿ ಸ್ಕ್ಯಾನ್ ಮಾಡಿಸುವುದಕ್ಕೆ ವಿನಿಯೋಗಿಸುವುದು ಮೇಲು. ಗಣಕವೂ ತಂತಿಯೂ ಪರದೆಗೆ ತಕ್ಕಂತಿರಬೇಕೆಂಬುದನ್ನೂ ಮರೆಯಲಾಗದು. ಹಳೆಯ ಎಚ್‌ಡಿಎಂಐ 1.4 ಜೋಡಣೆಯಲ್ಲಿ 4ಕೆ ಚಿತ್ರವು ಸೆಕೆಂಡಿಗೆ ಸುಮಾರು 30 ಬಾರಿ ಮಾತ್ರ ಬದಲಾಗಬಲ್ಲುದು; 2.0ರಲ್ಲಿ 60 ಬಾರಿ. 30ರಲ್ಲಿ ಗರಿಯನ್ನು ಅತ್ತಿತ್ತ ಸರಿಸಿ ಓದುವಾಗ ಚಲನೆ ತಡೆತಡೆದು ಕಾಣುವುದು.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ಟಂಕಲೇಖನ, ಅಂಕಪಟ್ಟಿ, ಅಚ್ಚಾದ ಪುಸ್ತಕಗಳ ಓದು, ಇವಿಷ್ಟಕ್ಕೇ ಬಳಸುವ ಗಣಕಕ್ಕೆ ಸಾಮಾನ್ಯ ಪರದೆ ಸಾಕು. ಹಸ್ತಪ್ರತಿಗಳ ಪಾಠವನ್ನು ನಿರ್ಣಯಿಸುವ ವಿಭಾಗಕ್ಕೆ, ಎಲ್ಲ ಮೇಜುಗಳಿಗೂ ಅಲ್ಲದಿದ್ದರೂ, ಸರ್ವರೂ ಸರದಿಯಂತೆ ಬಳಸುವ ಒಂದು ಸೂಕ್ಷ್ಮ ಪರದೆ ಅವಶ್ಯ. ಕೊಳ್ಳುವ ಮುನ್ನ ತಾವು ನಿತ್ಯವೂ ಓದುವ ಒಂದು ಗರಿಯ ಚಿತ್ರವನ್ನು ಅಂಗಡಿಗೆ ಒಯ್ದು, ಎರಡು ಪರದೆಗಳಲ್ಲಿಯೂ ಪೂರ್ತಿಯಾಗಿ ಹಿಡಿಸಿ, ಸಂದೇಹವಿರುವ ಅಕ್ಷರವನ್ನು ಓದಲು ಯತ್ನಿಸತಕ್ಕದ್ದು. ಎರಡರಲ್ಲಿಯೂ ಓದು ಒಂದೇ ಆದರೆ ಹಣ ಉಳಿಯಿತು. ಬೇರೆಯಾದರೆ ಹೆಚ್ಚಿನ ಬೆಲೆ ಸಾರ್ಥಕ.